ಚೆಸ್ಟ್ ನಂಬರ್ ಇನ್ನೂರ ಹದಿನೇಳು

ಈ ವರ್ಷ ಟ್ರಯಾಥ್ಲಾನ್ ಮುಗಿಸಿಯೇ ತೀರುತ್ತೇನೆ ಎಂದು ನಾನು ಬೆಳಗಿನ ಕಾಫಿಯ ಹೊತ್ತಿನಲ್ಲಿ ಘೋಷಿಸಿದೆ. ಅಂಥಿಂಥ ಘೋಷಣೆಯಲ್ಲ. ಕುರ್ಚಿಯಿಂದ ಎದ್ದು ನಿಂತು, ಬಲಗೈ ಮೇಲೆತ್ತಿ, ಎಡಗೈಯಲ್ಲಿ ಲೋಟ ಹಿಡಿದು! ಏಳುನೂರೈವತ್ತು ಮೀಟರ್ ಈಜು, ಇಪ್ಪತ್ತು ಕಿಲೋಮೀಟರ್ ಸೈಕಲ್, ಐದು ಕಿಲೋಮೀಟರ್ ಓಟ, ಎಲ್ಲ ಒಂದರ ಬೆನ್ನಿಗೆ ಒಂದು. ನನ್ನ ವಯಸ್ಸು ನಲವತ್ತಾರು. ಹೊಟ್ಟೆಯ ಸುತ್ತಳತೆ ಇಂಚಿನ ಲೆಕ್ಕದಲ್ಲಿ ಹೆಚ್ಚೂಕಡಿಮೆ ಅಷ್ಟೇ.

ನನ್ನ ಹೆಂಡತಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದಿನವಿಡೀ ಊರಿನವರಲ್ಲಿ ಏನೇನು ಕಡಿಮೆ ಎಂದು ನೋಡುವವಳಿಗೆ ನನ್ನಲ್ಲಿ ಏನು ಕಡಿಮೆ ಎಂದು ಹೇಳಲು ಟ್ಯೂಬು ಸೂಜಿ ಯಾವುದೂ ಬೇಕಿಲ್ಲ.

"ರೀ, ನಿಮಗೆ ಈಜು ಬರಲ್ಲ," ಎಂದಳು.

"ಕಲೀತೀನಿ."

"ಸೈಕಲ್ ಇಲ್ಲ."

"ತರ್ತೀನಿ."

"ಓಟ?"

"ಅದೇನು ಮಹಾ. ನಡೆಯೋದನ್ನೇ ಸ್ವಲ್ಪ ಜೋರಾಗಿ ಮಾಡಿದ್ರಾಯ್ತು."

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದ ಅಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿ, "ಎಲೆಕ್ಟ್ರಿಷಿಯನ್‌ಗೆ ಕಾಫಿ ಕೊಟ್ಟೆಯೇನಮ್ಮ? ಫ್ಯಾನ್ ನೋಡಿ ಹೋಗ್ಲಿ ಪಾಪ," ಎಂದರು.

ಎಲೆಕ್ಟ್ರಿಷಿಯನ್ ಎಂದರೆ ನಾನೇ. ಫ್ಯಾನು ಚೆನ್ನಾಗಿಯೇ ತಿರುಗುತ್ತಿತ್ತು. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವನು. ದಿನಕ್ಕೆ ಇಪ್ಪತ್ತು ಜನಕ್ಕೆ ಲೋಕ ಕಾಣಿಸುವಂತೆ ಮಾಡಿ ಮನೆಗೆ ಬಂದರೆ ಹೆತ್ತ ಅಪ್ಪನಿಗೆ ನಾನು ಕಾಣಿಸುವುದಿಲ್ಲ. ಮರೆವಿನ ಕಾಯಿಲೆ. ಕೆಲವು ದಿನ ಮಗನಾಗಿರುತ್ತಿದ್ದೆ, ಹೆಚ್ಚಿನ ದಿನ ಫ್ಯಾನ್ ರಿಪೇರಿಗೆ ಬಂದವನಾಗಿರುತ್ತಿದ್ದೆ. "ಹಳೇದು ಉಳಿಯುತ್ತೆ, ಹೊಸದು ಹೋಗುತ್ತೆ. ಮನೆಯವರ ಗುರುತು ಈ ವರ್ಷ ಪೂರ್ತಿ ಇರುತ್ತೆ ಅಂತ ನಾನು ಹೇಳಲಾರೆ," ಎಂದಿದ್ದರು ಡಾಕ್ಟರು.

ಓದುಗರ ಹತ್ತಿರ ಮುಚ್ಚುಮರೆ ಏನು, ನನ್ನ ಘೋಷಣೆಯ ಹಿಂದೆ ಇದ್ದದ್ದು ಇದೇ. ಅಪ್ಪ ಮೂವತ್ತೊಂದು ವರ್ಷ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಬಿಳಿ ಟೋಪಿ, ಬಿಳಿ ಕ್ಯಾನ್ವಾಸ್ ಶೂ, ಕುತ್ತಿಗೆಯಲ್ಲಿ ಸೀಟಿ, ಜೇಬಿನಲ್ಲಿ ಸ್ಟಾಪ್‌ವಾಚು. ಹುಡುಗರ ಹೆಸರು ಅವರಿಗೆ ಯಾವತ್ತೂ ನೆನಪಿರುತ್ತಿರಲಿಲ್ಲ, ಎಲ್ಲರನ್ನೂ ಎದೆಗೆ ಚುಚ್ಚಿದ ಚೆಸ್ಟ್ ನಂಬರಿನಿಂದಲೇ ಕರೆಯುತ್ತಿದ್ದರು. ಶಾಲೆಯಲ್ಲಿ ನಾನೂ ಅವರನ್ನು "ಸಾರ್" ಎನ್ನಬೇಕಿತ್ತು. ಹದಿಮೂರನೇ ವಯಸ್ಸಿನಲ್ಲಿ ಎಂಟುನೂರು ಮೀಟರ್ ಓಟಕ್ಕೆ ನಿಂತೆ. ಎರಡನೇ ಸುತ್ತಿನಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದೆ. ಜನ ನಕ್ಕರು. ನಾನು ಓಟ ಬಿಟ್ಟು, ಪಕ್ಕದ ಸುಣ್ಣದ ಗೆರೆ ದಾಟಿ ಮೈದಾನದಿಂದ ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡೆ. ಅಪ್ಪ ರಿಜಿಸ್ಟರಿನಲ್ಲಿ ನನ್ನ ನಂಬರಿನ ಮುಂದೆ "ಅರ್ಧಕ್ಕೆ ಬಿಟ್ಟಿದ್ದಾನೆ" ಎಂದು ಕೆಂಪು ಶಾಯಿಯಲ್ಲಿ ಬರೆದರು. ಮನೆಗೆ ಬಂದು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೂವತ್ಮೂರು ವರ್ಷವಾದರೂ ಆಡಿರಲಿಲ್ಲ.

ಅವರಿಗೆ ನಾನು ಯಾರು ಎಂಬುದು ಪೂರ್ತಿ ಅಳಿಸಿಹೋಗುವ ಮೊದಲು, ಒಂದೇ ಒಂದು ಸಲ, ನಾನು ಏನನ್ನಾದರೂ ಕೊನೆಯವರೆಗೆ ಓಡಿ ಮುಗಿಸುವುದನ್ನು ಅವರು ನೋಡಬೇಕಿತ್ತು. ಎಂಟುನೂರು ಮೀಟರ್ ಓಡಿ ತೋರಿಸಿದರೆ ಸಾಕಿತ್ತಲ್ಲ ಎನ್ನುತ್ತೀರಿ. ಮೂವತ್ಮೂರು ವರ್ಷದ ಬಡ್ಡಿ ಬೇಡವೇ!

ತಯಾರಿ ಶುರುವಾಯಿತು. ಈಜುಕೊಳದ ತರಬೇತುದಾರನಿಗೆ ಎಲ್ಲರೂ ಮೊಸಳೆ ಎನ್ನುತ್ತಿದ್ದರು. ಮೊದಲ ವಾರ ನನ್ನ ಕೈಕಾಲು ಬಡಿತವನ್ನು ನೋಡಿ ಮೊಸಳೆ ಹೇಳಿದ, "ಸಾರ್, ನೀವು ಈಜ್ತಾ ಇಲ್ಲ. ನೀರಿನ ಜೊತೆ ಜಗಳ ಆಡ್ತಾ ಇದ್ದೀರಿ." ಸೈಕಲ್ ತಂದೆ. ಅದರ ಸೀಟು ಎಷ್ಟು ಕಿರಿದು ಎಂದರೆ ಮೂರು ದಿನ ಅಂಗಡಿಯಲ್ಲಿ ನಿಂತುಕೊಂಡೇ ಕನ್ನಡಕ ಮಾಡಿದೆ. ಸಮಯ ಉಳಿಸಲೆಂದು ಮೈಗಂಟಿದ ಚಡ್ಡಿಯಲ್ಲೇ ಅಂಗಡಿಗೆ ಹೋದ ದಿನ ಮಾಲೀಕರು ತಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನೀನು ಪ್ಯಾಂಟ್ ಹಾಕ್ಕೊಳ್ಳೋವರೆಗೂ ನಾನು ಇದನ್ನ ಹಾಕ್ಕೊಳ್ಳಲ್ಲ," ಎಂದರು.

ಐದು ತಿಂಗಳಾಯಿತು. ನಾನು ಮೊದಲ ಸ್ಪರ್ಧೆಗೆ ಸಿದ್ಧನಾದೆ. ಅಪ್ಪನೂ ಸಿದ್ಧರಾದರು, ಬಿಳಿ ಟೋಪಿ, ಬಿಳಿ ಶೂ. ಸೀಟಿಯೂ ಕುತ್ತಿಗೆಗೆ ಬಿದ್ದಿತ್ತು, ಅದನ್ನು ನಾವು ಗಮನಿಸಲಿಲ್ಲ.

ಕೆರೆಯ ದಡ. ಎಂಬತ್ತು ಜನ. ಗುಂಡಿನ ಸದ್ದಾಯಿತು, ಎಲ್ಲರೂ ನೀರಿಗೆ ಬಿದ್ದೆವು. ನನ್ನ ಪುಣ್ಯಕ್ಕೆ ಯಾವನೋ ಒಬ್ಬ ಗುಂಡಿಗಿಂತ ಅರೆಗಳಿಗೆ ಮೊದಲೇ ಹಾರಿದ್ದನಂತೆ. ಅದು ಬೇರೆ ಯಾರ ಕಣ್ಣಿಗೂ ಬೀಳಲಿಲ್ಲ. ಡ್ರಿಲ್ ಮೇಷ್ಟ್ರ ಕಣ್ಣಿಗೆ ಬಿತ್ತು. ಎರಡು ಸಲ ಕಿವಿ ಸೀಳುವಂತೆ ಸೀಟಿ! ಆಮೇಲೆ ಮೂವತ್ತೊಂದು ವರ್ಷ ಮೈದಾನ ಆಳಿದ ಗಂಟಲು. "ಫೌಲ್! ಎಲ್ಲರೂ ವಾಪಸ್!"

ಅರವತ್ತು ಜನ ವಾಪಸಾದರು. ಆ ಸೀಟಿ ಕೇಳಿದ ಮೇಲೂ ಮುಂದೆ ಹೋಗುವ ಎದೆ ನನಗೆ ಈ ಜನ್ಮದಲ್ಲಿ ಬರಲಾರದು. ಎಲ್ಲರಿಗಿಂತ ಮೊದಲು ತಿರುಗಿ ಎಲ್ಲರಿಗಿಂತ ಮೊದಲು ದಡ ಸೇರಿದೆ. ಇಡೀ ವರ್ಷದಲ್ಲಿ ನಾನು ಮೊದಲಿಗನಾಗಿ ಬಂದದ್ದು ಆ ವಾಪಸಾತಿಯಲ್ಲಿ ಮಾತ್ರ. ಸ್ಪರ್ಧೆ ರದ್ದಾಯಿತು. ವ್ಯವಸ್ಥಾಪಕರು ಕೆಂಡವಾಗಿ, "ಯಾರ ಕಡೆಯವರು ಈ ಹಿರಿಯರು?" ಎಂದರು.

"ನಮ್ಮ ತಂದೆ," ಎಂದೆ, ತಲೆ ತಗ್ಗಿಸಿ.

ಅಪ್ಪ ನನ್ನನ್ನು ಕರುಣೆಯಿಂದ ನೋಡಿದರು. "ಇಲ್ಲ, ಇಲ್ಲ. ಇವರು ನಮ್ಮ ಮನೆಗೆ ಫ್ಯಾನ್ ರಿಪೇರಿಗೆ ಬರೋರು. ಪಾಪ, ಇವರನ್ನ ಬೈಬೇಡಿ. ನಂಗೂ ಇವರಿಗೂ ಸಂಬಂಧ ಇಲ್ಲ."

ಅಪ್ಪ ನನ್ನ ಪರವಾಗಿ ವಾದಿಸಿದ್ದು ಅದೇ ಮೊದಲು. ಹಿಂತಿರುಗುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯಲ್ಲಿ ಕಂಡ ಶಾಲೆಗಳನ್ನೆಲ್ಲ ಎಣಿಸಿದರು.

ಎರಡನೆಯ ಸ್ಪರ್ಧೆ ಬೇರೆ ಊರಿನಲ್ಲಿ, ಬೇರೆಯವರದು. ಹೆಂಡತಿ ಸೀಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. "ಸೀಟಿ ಇಲ್ಲ, ಇನ್ನೇನು ಮಾಡಿಯಾರು?" ಎಂದೆ ನಾನು, ಜಾಣ!

ಈಜಿದೆ. ಸೈಕಲ್ ಹೊಡೆದೆ. ಓಡುವ ಶೂ ಹಾಕಿಕೊಳ್ಳಲು ಸೈಕಲ್ ನಿಲ್ಲಿಸುವ ಜಾಗಕ್ಕೆ ಏದುಸಿರು ಬಿಡುತ್ತ ಬಂದೆ. ನೋಡುತ್ತೇನೆ, ನನಗಿಂತ ಎಷ್ಟೋ ಮುಂದೆ ಹೋಗಿದ್ದ ಮೂವತ್ತು ಜನ ಅಲ್ಲೇ ಇದ್ದಾರೆ! ಅಯ್ಯೋ, ನಾನು ಇಷ್ಟು ವೇಗವಾಗಿಬಿಟ್ಟೆನೇ ಎಂದು ಎದೆ ಉಬ್ಬಿತು. ಆಮೇಲೆ ಅವರೆಲ್ಲ ನೆಲದ ಮೇಲೆ ಕೂತು ಬೈದುಕೊಳ್ಳುತ್ತಿರುವುದು ಕಾಣಿಸಿತು. ಪ್ರತಿಯೊಬ್ಬರ ಕೈಯಲ್ಲೂ ಒಂದು ಜೊತೆ ಶೂ. ಎಡಗಾಲಿನ ಲೇಸನ್ನು ಬಲಗಾಲಿನ ಲೇಸಿಗೆ ಸೇರಿಸಿ ಬಿಗಿದ ಗಂಟು.

ಆ ಗಂಟು ನನಗೆ ಗೊತ್ತು. ಡ್ರಿಲ್ ಪೀರಿಯಡ್ ಮುಗಿದ ಮೇಲೆ ಹುಡುಗರ ಶೂಗಳು ಅದಲುಬದಲಾಗದಿರಲಿ ಎಂದು ಅಪ್ಪ ಹಾಕುತ್ತಿದ್ದ ಗಂಟು. ಬಿಳಿ ಟೋಪಿ, ನೆಟ್ಟಗಿನ ಬೆನ್ನು ನೋಡಿ ಯಾರೋ ಅಧಿಕಾರಿ ಎಂದುಕೊಂಡು ಕಾವಲಿನವನು ಒಳಗೆ ಬಿಟ್ಟಿದ್ದ. ಹೆಂಡತಿ ನೀರಿನ ಬಾಟಲಿ ತರಲು ಹೋಗಿ, ಸಾಲಿನಲ್ಲಿ ಸಿಕ್ಕಿಕೊಂಡು ಬರುವಷ್ಟರಲ್ಲಿ ಅಪ್ಪ ಮೂರು ಸಾಲು ಶೂಗಳನ್ನು ಶಿಸ್ತಿಗೆ ತಂದಿದ್ದರು.

ಆ ಗಂಟು ಬಿಚ್ಚಲು ಈ ಲೋಕದಲ್ಲಿ ಇಬ್ಬರಿಗೇ ಬರುತ್ತದೆ. ಅವರಲ್ಲಿ ಒಬ್ಬರು ಹೆಮ್ಮೆಯಿಂದ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಇನ್ನೊಬ್ಬ ನೆಲಕ್ಕೆ ಕೂತು ಒಂದೊಂದೇ ಜೊತೆ ಬಿಚ್ಚತೊಡಗಿದ. ಕೊನೆಯ ಜೊತೆ ನನ್ನದು. ಅಷ್ಟರಲ್ಲಿ ಓಟಕ್ಕೆ ಹೊರಡುವ ಗಡುವು ಮೀರಿತ್ತು.

"ಈ ಎಲೆಕ್ಟ್ರಿಷಿಯನ್ ಕೈ ಚುರುಕು," ಎಂದು ಅಪ್ಪ ಕಾವಲಿನವನಿಗೆ ಹೇಳುತ್ತಿದ್ದರು.

ಮನೆಗೆ ಬಂದ ಮೇಲೆ ಹೆಂಡತಿ ತಮಾಷೆ ಮಾಡಲಿಲ್ಲ. ನನ್ನ ಒದ್ದೆ ಟವೆಲನ್ನು ಹಗ್ಗಕ್ಕೆ ಹಾಕುತ್ತ, "ಸಾಕು ಬಿಡ್ರೀ. ನೀವು ಮುಗಿಸಿದ್ರೂ, ಅದು ನೀವೇ ಅಂತ ಮಾವನಿಗೆ ಗೊತ್ತಾಗಲ್ಲ," ಎಂದಳು.

"ಒಂದೊಂದು ದಿನ ಗೊತ್ತಾಗುತ್ತಲ್ಲ. ಅಂಥ ದಿನ ಸಿಕ್ಕರೆ?"

"ಕೊನೇ ಸಲ ಯಾವತ್ತು ಗೊತ್ತಾಯ್ತು?"

ಇಪ್ಪತ್ತೆರಡು ದಿನವಾಗಿತ್ತು. ನಾನು ಎಣಿಸುತ್ತಿದ್ದೆ, ಅವಳಿಗೆ ಹೇಳಲಿಲ್ಲ.

ವರ್ಷದ ಕೊನೆಯ ಸ್ಪರ್ಧೆ ಚಿಕ್ಕದು. ಅಂಗಿಗೆ ಚುಚ್ಚುವ ನಂಬರ್ ಚೀಟಿಗಳು ಮುಗಿದುಹೋಗಿದ್ದವು. "ಕೈ ಮೇಲೇ ಬರ್ಕೊಂಡು ಬಿಡಿ," ಎಂದರು ಅಲ್ಲಿಯವರು. ಹೆಂಡತಿಯ ಚೀಲದಲ್ಲಿ ಬರೀ ನೀರಿಗೆ ಅಳಿಸದ ಲ್ಯಾಬಿನ ಮಾರ್ಕರ್ ಇತ್ತು. ನನ್ನ ತೋಳು ಹಿಡಿದು ದುಂಡಗೆ ಬರೆದಳು, 217. "ಇಷ್ಟು ದಿನ ರಕ್ತ ತುಂಬಿದ ಟ್ಯೂಬಿನ ಮೇಲೆ ಬರೀತಿದ್ದೆ. ಇವತ್ತೂ ಅದೇ ಕೆಲಸ," ಎಂದಳು. ಅಪ್ಪ ಬಗ್ಗಿ ನಂಬರ್ ಓದಿದರು. ತಮ್ಮ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಎಲ್ಲರ ನಂಬರನ್ನೂ ಬರೆದುಕೊಂಡರು. ಈ ಸಲ ಹೆಂಡತಿ ಅವರ ಕೈ ಬಿಡಲಿಲ್ಲ.

ನಾನು ಈಜಿನಲ್ಲಿ ಕೊನೆಯವನು. ಸೈಕಲಿನಲ್ಲಿ ಕೊನೆಯವನು. ಓಟದಲ್ಲಿ ಎಷ್ಟು ಕೊನೆಯವನೆಂದರೆ, ದಾರಿ ತೋರಿಸಲು ನಿಂತಿದ್ದವರು ಬೋರ್ಡು ಎತ್ತಿಕೊಂಡು ನನ್ನ ಜೊತೆಯೇ ನಡೆದು ಬಂದರು, ಅವರು ನಡೆಯುತ್ತ, ನಾನು ಓಡುತ್ತ! ನಾಲ್ಕನೇ ಕಿಲೋಮೀಟರಿನಲ್ಲಿ ಪಕ್ಕದಲ್ಲೊಂದು ನಲ್ಲಿ ಕಂಡಿತು. ಹೋಗಿ ಮುಖ ತೊಳೆದುಕೊಂಡುಬಿಡೋಣ ಎಂದು ಕಾಲು ಅತ್ತ ಎಳೆಯಿತು. ಸುಳ್ಳು ಹೇಳುವುದಿಲ್ಲ, ಎರಡು ಹೆಜ್ಜೆ ಹೋಗಿಯೂಬಿಟ್ಟೆ. ಆಮೇಲೆ ತಿರುಗಿದೆ.

ಮೈದಾನ ತಲುಪಿದಾಗ ಜನ ಖಾಲಿ. ಗಾಳಿ ತುಂಬಿ ನಿಲ್ಲಿಸಿದ್ದ ಕಮಾನಿನ ಗಾಳಿ ತೆಗೆಯುತ್ತಿದ್ದರು. ಅದರ ಕೆಳಗೆ ಬಿಳಿ ಟೋಪಿ. ಅಪ್ಪ ಕೆಲಸದವರನ್ನು ಗದರುತ್ತಿದ್ದರು, "ಬಿಚ್ಚಬೇಡಿ ಅಂದೆ. ಇನ್ನೂ ಒಬ್ಬ ಬರಬೇಕು. ಕೊನೇ ಹುಡುಗ ಬರೋವರೆಗೆ ಮೈದಾನ ಬಿಡೋ ಹಾಗಿಲ್ಲ." ಎರಡು ಗಂಟೆ ಹೊತ್ತಿನಿಂದ ಕೂರಲೊಪ್ಪದೆ ನಿಂತೇ ಇದ್ದರಂತೆ.

ಅರ್ಧ ಜೋತುಬಿದ್ದ ಕಮಾನಿನ ಕೆಳಗೆ ತಲೆ ತಗ್ಗಿಸಿಕೊಂಡು ನಾನು ಗೆರೆ ದಾಟಿದೆ. ಅಪ್ಪ ಸ್ಟಾಪ್‌ವಾಚು ಒತ್ತಿದರು. ಅದು ಕೆಟ್ಟು ನಿಂತು ಒಂಬತ್ತು ವರ್ಷವಾಗಿತ್ತು. "ಇನ್ನೂರ ಹದಿನೇಳು. ಮುಗಿಸಿದ್ದಾನೆ," ಎಂದು ಗಟ್ಟಿಯಾಗಿ ಹೇಳುತ್ತ ಪುಸ್ತಕದಲ್ಲಿ ಬರೆದರು.

"ಸುಸ್ತಾಯ್ತಾ?" ಎಂದು ಕೇಳಿದರು.

"ಆಯ್ತು ಸಾರ್." ಬಾಯಿಗೆ ಅದೇ ಬಂತು.

"ಕೂತ್ಕೋಬೇಡ. ನಿಧಾನಕ್ಕೆ ಓಡಾಡು. ನಿಮ್ಮಪ್ಪ ಬಂದಿದ್ದಾರಾ?"

ಹೆಂಡತಿ ಮುಖ ಆ ಕಡೆ ತಿರುಗಿಸಿಕೊಂಡಳು.

"ಬಂದಿದ್ದಾರೆ ಸಾರ್."

"ಹೋಗಿ ಹೇಳು, ಕೊನೇವರೆಗೂ ಬಿಡಲಿಲ್ಲ ಅಂತ. ಮೇಷ್ಟ್ರು ಹೇಳಿದ್ರು ಅನ್ನು." ಪುಸ್ತಕ ಮುಚ್ಚಿ ಜೇಬಿಗೆ ಹಾಕಿಕೊಂಡರು. "ನನ್ನ ಮಗ ಒಂದ್ಸಲ ಅರ್ಧಕ್ಕೆ ಬಿಟ್ಟ. ನಾನು ಹಾಗೇ ಬರೆದುಬಿಟ್ಟೆ. ಬರೀಬಾರದಿತ್ತು. ಇನ್ನೂ ಚಿಕ್ಕೋನು ಅವನು."

"ಅವನು ಬೇಜಾರು ಮಾಡ್ಕೊಂಡಿರಲ್ಲ ಸಾರ್."

"ನಿಂಗೆ ಹೇಗೆ ಗೊತ್ತು?"

ಅವರು ಹೇಳಿದ್ದಂತೆ ನಿಧಾನಕ್ಕೆ ಓಡಾಡತೊಡಗಿದೆ. ಮುಖದ ಮೇಲೆ ಬೆವರು ಧಾರಾಳವಾಗಿತ್ತು, ಅತ್ತದ್ದು ಯಾರಿಗೂ ಕಾಣಿಸಲಿಲ್ಲ ಎಂದುಕೊಂಡಿದ್ದೇನೆ.

ಆಮೇಲೆ ಅಪ್ಪ ನನ್ನನ್ನು ಮಗನೆಂದು ಗುರುತು ಹಿಡಿಯಲಿಲ್ಲ. ಒಂದು ಸಲವೂ ಇಲ್ಲ. ಆದರೆ ಮರುದಿನ ಬೆಳಿಗ್ಗೆ ನನ್ನ ತೋಳು ನೋಡಿದ್ದೇ ಮುಖ ಅರಳಿಸಿ, "ಇನ್ನೂರ ಹದಿನೇಳು! ಬಾ, ಬಾ, ಕೂತ್ಕೋ," ಎಂದರು. ಮೂರು ದಿನ ಹಾಗೇ ನಡೆಯಿತು. ನಾಲ್ಕನೇ ದಿನ ಸೋಪಿಗೆ ನಂಬರ್ ಹೋಗಿತ್ತು, ನಾನು ಮತ್ತೆ ಎಲೆಕ್ಟ್ರಿಷಿಯನ್. ಸ್ನಾನದ ಮನೆಯ ಬಾಗಿಲಲ್ಲಿ ಪೆದ್ದನ ಹಾಗೆ ನಿಂತಿದ್ದೆ. ಹೆಂಡತಿ ಚೀಲದಿಂದ ಮಾರ್ಕರ್ ತೆಗೆದು, "ಕೈ ಚಾಚಿ," ಎಂದಳು.

ಅಂದಿನಿಂದ ದಿನಾ ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಅದೊಂದು ಕೆಲಸ. ಅಂಗಡಿಗೆ ಬರುವ ಗಿರಾಕಿಗಳು ನನ್ನ ತೋಳು ನೋಡಿ, ಯಾವ ಜೈಲಿನಿಂದ ಬಿಡುಗಡೆಯಾಗಿ ಬಂದೆ ಎಂದು ಮಾಲೀಕರನ್ನು ಗುಟ್ಟಾಗಿ ಕೇಳುತ್ತಾರೆ. ಕೇಳಲಿ ಬಿಡಿ.

ನಿನ್ನೆ ಬೆಳಿಗ್ಗೆ ಕಾಫಿ ಹಿಡಿದು ಅಪ್ಪನ ಪಕ್ಕ ಕೂತೆ. ಅಪ್ಪ ತೋಳು ಓದಿಕೊಂಡು ಖಾತ್ರಿ ಮಾಡಿಕೊಂಡರು. ಆಮೇಲೆ ಮೇಲೆ ಕೈ ತೋರಿಸಿ, ದನಿ ತಗ್ಗಿಸಿ ಹೇಳಿದರು.

"ಇನ್ನೂರ ಹದಿನೇಳು, ಆ ಫ್ಯಾನ್ ಸ್ವಲ್ಪ ನೀನೇ ನೋಡಪ್ಪ. ಒಬ್ಬ ಎಲೆಕ್ಟ್ರಿಷಿಯನ್ ಬರ್ತಿದ್ದ, ಈಗ ಪತ್ತೆ ಇಲ್ಲ. ಅರ್ಧಕ್ಕೆ ಬಿಟ್ಟು ಹೋಗೋನು ಅವನು, ನಿನ್ನ ಥರ ಅಲ್ಲ."