ನಾನು ನೋಡಿದರೆ ವಿಕೆಟ್ ಬೀಳುತ್ತದಂತೆ

ನಮ್ಮ ಊರಿನ ಟೀಮ್ ಸೋತಾಗಲೆಲ್ಲ ಬೇರೆಯವರು ಪಿಚ್ ನೋಡುತ್ತಾರೆ, ಟಾಸ್ ನೋಡುತ್ತಾರೆ. ನಮ್ಮ ಮನೆಯವರು ನನ್ನನ್ನು ನೋಡುತ್ತಾರೆ. ನನಗೆ ಕ್ರಿಕೆಟ್ ಹುಚ್ಚು ಎಷ್ಟು ಹಳೆಯದೋ, ನಾನು ನೋಡಿದರೆ ವಿಕೆಟ್ ಬೀಳುತ್ತದೆ ಎಂಬ ಮಾತೂ ಅಷ್ಟೇ ಹಳೆಯದು. ಹಾಗಂತ ನೋಡುವುದನ್ನು ಬಿಟ್ಟೆನೇ? ಬಿಡುವ ಮಾತೇ ಇಲ್ಲ.

ಟಾರ್ಚ್ ಹಾಕಿ ಹುಡುಕಿದ್ದು

ಸಿ.ವಿ. ರಾಮನ್ ನಗರದ ಹತ್ತಿರ ಅಪ್ಪನ ಫ್ಯಾಕ್ಟರಿ ಕ್ವಾರ್ಟರ್ಸ್. ನಾನಾಗ ಹೈಸ್ಕೂಲು. ನಮ್ಮ ಟಿವಿ ಮುಂದೆ ಅಕ್ಕಪಕ್ಕದವರೆಲ್ಲ ಸೇರಿದ್ದರು. "ಇವನು ಬೌನ್ಸರ್ ಬಂದ್ರೆ ಸುಮ್ನಿರಲ್ಲ, ಈಗ ಔಟಾಗ್ತಾನೆ ನೋಡಿ" ಅಂದೆ. ಮುಂದಿನ ಬಾಲೇ ಬೌನ್ಸರ್, ಕ್ಯಾಚ್. ಹುಡುಗಿಗೆ ಆಟ ಎಷ್ಟು ಚೆನ್ನಾಗಿ ಗೊತ್ತು ಎಂದು ಒಬ್ಬರಾದರೂ ಹೇಳಬೇಕಲ್ಲ? ಅಪ್ಪ ನನ್ನ ಕಡೆ ತಿರುಗಿ, "ಎಲ್ಲಿ, ನಾಲಿಗೆ ತೋರ್ಸು" ಅಂದರು. ಪಕ್ಕದ ಮನೆಯ ಮಾಮಿ ಟಾರ್ಚ್ ತಂದು ಮಚ್ಚೆ ಹುಡುಕಿದರು. ಸಿಗಲಿಲ್ಲ.

"ಇನ್ನೂ ಒಳಗಡೆ ಇರ್ಬೇಕು" ಅಂದರು ಮಾಮಿ.

ಮುಚ್ಚಿಡಬಾರದ ವಿಷಯ

ನನ್ನನ್ನು ನೋಡಲು ಕಾಕ್ಸ್ ಟೌನ್‌ನಿಂದ ಗಂಡಿನ ಕಡೆಯವರು ಬಂದದ್ದು ಮ್ಯಾಚಿನ ನಟ್ಟನಡುವೆ. ಅಪ್ಪ ಮರ್ಯಾದೆಗೆ ಟಿವಿ ಆರಿಸಿದರು. ಕೇಸರಿಬಾತ್ ಮುಗಿದ ಮೇಲೆ ಹುಡುಗನ ತಾಯಿ, "ನೀನೂ ಏನಾದ್ರೂ ಕೇಳೋದಿದ್ರೆ ಕೇಳಮ್ಮ" ಅಂದರು.

"ಸ್ಕೋರ್ ಎಷ್ಟಾಯ್ತು?" ಅಂದೆ.

"ಆಟೋ ಇಳಿಯೋವಾಗ ನೂರಿಪ್ಪತ್ತಕ್ಕೆ ಎರಡು" ಅಂದ ಹುಡುಗ. ನಾನು ಅಲ್ಲೇ ಒಪ್ಪಿಬಿಟ್ಟೆ. ಆದರೆ ನಮ್ಮಪ್ಪ ಪ್ರಾಮಾಣಿಕರು. ಗಂಟಲು ಸರಿಮಾಡಿಕೊಂಡು, "ಮದುವೆ ವಿಷಯ, ಮುಚ್ಚಿಡಬಾರ್ದು. ಇವಳು ನೋಡಿದ್ರೆ ವಿಕೆಟ್ ಬೀಳುತ್ತೆ" ಅಂದರು. ಆ ಕಡೆಯವರು ಮುಖ ಮುಖ ನೋಡಿಕೊಂಡರು.

"ಪರ್ವಾಗಿಲ್ಲ, ನಮ್ಮನೆ ಅಡುಗೆಮನೆಯಿಂದ ಟಿವಿ ಕಾಣ್ಸಲ್ಲ" ಅಂದರು ಹುಡುಗನ ತಾಯಿ.

ನನ್ನ ಸ್ಪೆಲ್

ಮದುವೆಯಾದ ಮೇಲೆ ಅತ್ತೆಮನೆಯಲ್ಲೂ ನಾನು ಕಾಫಿ ತರುವುದಕ್ಕೂ ವಿಕೆಟ್ ಬೀಳುವುದಕ್ಕೂ ಸರಿಹೋಗುತ್ತಿತ್ತು. "ಬೌಲರ್ ಚೆನ್ನಾಗಿ ಹಾಕ್ದ ಅಂತ ಯಾಕೆ ಅನ್ನಲ್ಲ?" ಎಂದು ಕೇಳಿದರೆ ಅತ್ತೆ, "ಹಾಕ್ದ ಕಣೇ, ನೀನು ಬರೋವರ್ಗೂ ಕಾಯ್ತಿದ್ದ" ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಎದುರಾಳಿಗಳ ಜೋಡಿ ಏನು ಮಾಡಿದರೂ ಔಟಾಗುತ್ತಿಲ್ಲ. ನನ್ನ ಗಂಡ ಮೆಲ್ಲಗೆ ಅಡುಗೆಮನೆಗೆ ಬಂದು, "ಸ್ವಲ್ಪ ಬಂದು ನೋಡ್ಬಾರ್ದಾ?" ಅಂದರು. ಹೋಗಿ ನಿಂತೆ, ಬೌಲ್ಡ್. "ಸಾಕು, ಹೋಗು" ಅಂದರು. ಮತ್ತೆ ಕರೆದರು, ಎಲ್‌ಬಿಡಬ್ಲ್ಯು. ಮೂರನೇ ಸಲ ಕರೆದಾಗ ನಾನು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಲೇ ಇಲ್ಲ.

"ನನ್ನ ಸ್ಪೆಲ್ ಮುಗೀತು ರೀ" ಅಂದೆ.

ಟೆರೇಸ್

ಹಳೇ ಮನೆ ಹೋಗಿ ಈಗ ಅಲ್ಲೇ ಫ್ಲ್ಯಾಟ್ ಎದ್ದಿದೆ. ಇತ್ತೀಚೆಗೆ ಒಂದು ಭಾನುವಾರ ಮಧ್ಯಾಹ್ನದ ಮ್ಯಾಚ್, ಗೆದ್ದರೆ ಫೈನಲ್. "ಇವತ್ತೊಂದಿನ ಟೆರೇಸ್‌ಗೆ ಹೋಗಿರೇ" ಎಂದು ಗಂಡ ಕೈಮುಗಿದರು. ಮೊಬೈಲ್ ಹಿಡಿದು ಹತ್ತಿದೆ. ಈ ಗೆಲುವನ್ನಾದರೂ ಕಣ್ಣಾರೆ ನೋಡಿಯೇ ತೀರುತ್ತೇನೆ ಎಂಬ ಹಟ ನನಗೆ.

ಅಲ್ಲಿ ನೋಡಿದರೆ ಮೊದಲ ಮಹಡಿಯ ತಮಿಳು ಅಜ್ಜಿ, ನಮಗೆಲ್ಲ ಪಾಟಿ, ನೀರಿನ ಟ್ಯಾಂಕಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಪಕ್ಕದಲ್ಲಿ ಎರಡನೇ ಮಹಡಿಯ ರಿಟೈರ್ಡ್ ಸೂಪರ್‌ವೈಸರ್.

"ನಿಮ್ಮನ್ನೂ ಕಳಿಸಿದ್ರಾ?" ಅಂದೆ.

"ನಾನು ಕೂತ್ರೆ ರನ್ನೇ ಬರಲ್ವಂತೆ" ಅಂದರು ಅವರು.

"ನಾನು ಕಣ್ಣು ಮುಚ್ಕೊಂಡಿದ್ರೂ ಔಟಾಗ್ತಾರಂತೆ ಮಾ" ಅಂದರು ಪಾಟಿ.

ಇಡೀ ಕಟ್ಟಡದ ಅಪಶಕುನಗಳು ಒಂದೇ ಮೊಬೈಲ್ ಮುಂದೆ ಕೂತೆವು. ಕೊನೆಯ ಓವರ್‌ಗೆ ಹದಿನೆಂಟು ರನ್ ಬೇಕು ಅನ್ನುವಾಗ ಕರೆಂಟ್ ಹೋಯಿತು. ಕೆಳಗಿನ ಟಿವಿಗಳು, ವೈಫೈ ಎಲ್ಲ ನಿಂತವು. ಮನೆಗಳೊಳಗೆ ಮೊಬೈಲ್ ಸಿಗ್ನಲ್ ಮೊದಲೇ ಸಿಗುವುದಿಲ್ಲ. ಟೆರೇಸ್‌ನಲ್ಲಿ ಮಾತ್ರ ಮ್ಯಾಚ್ ನಡೆಯುತ್ತಿತ್ತು. ಒಂದು ಸಿಕ್ಸ್, ಅದರ ಹಿಂದೆಯೇ ಇನ್ನೊಂದು. ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದು. ಎಲ್ಲ ಮನೆಯವರೂ ಹತ್ತಿ ಬರುತ್ತಿದ್ದರು. ನಾನು ಎದ್ದು ಟೆರೇಸ್ ಬಾಗಿಲಿನ ಚಿಲಕ ಹಾಕಿದೆ.

"ಬಾಗ್ಲು ತೆಗಿಯೇ" ಎಂದು ಗಂಡ ಬಡಿದರು.

"ನೀವು ನೋಡೋದು ನಿಲ್ಸಿದ್ಮೇಲೆ ಎರಡು ಸಿಕ್ಸ್ ಬಂದಿದೆ ರೀ. ಅಲ್ಲೇ ಇರಿ."

ಬಾಗಿಲ ಆಚೆಯಿಂದ ಅತ್ತೆಯ ದನಿ ಕೇಳಿಸಿತು. "ಅವಳು ಹೇಳೋದು ಸರಿ ಕಣೋ. ಎಲ್ರೂ ಆ ಕಡೆ ತಿರುಗಿ ನಿಂತ್ಕೊಳ್ಳಿ."

ಕೊನೆಯ ಬಾಲಿಗೆ ಗೆದ್ದೆವು. ಪಾಟಿ ಕುಣಿದರು, ಸೂಪರ್‌ವೈಸರ್ ಅತ್ತರು. ನಾನು ಕಣ್ಣು ತುಂಬ ನೋಡಿ, ಆಮೇಲೆ ಚಿಲಕ ತೆಗೆದೆ. ಮೆಟ್ಟಿಲ ತುಂಬ ಜನ ಗೋಡೆಗೆ ಮುಖ ಮಾಡಿ ನಿಂತಿದ್ದರು.

"ಗೆದ್ವಾ?" ಎಂದು ಗಂಡ ತಿರುಗದೆಯೇ ಕೇಳಿದರು.

"ಗೆದ್ವಿ. ಫೈನಲ್ ದಿನಾನೂ ಇದೇ ಮೆಟ್ಲು, ಇದೇ ಗೋಡೆ. ಕಾಫಿ ನಾನೇ ತಂದ್ಕೊಡ್ತೀನಿ" ಅಂದೆ.