ಗಿರಿ ರಿಪೇರಿ ಮಾಡಿದ ವೈಫೈ

ಗಿರಿ ಬಾಯಿ ಮುಚ್ಚಿಕೊಂಡಿರಬೇಕಾದ ಕಡೆ ಬಾಯಿ ಬಿಟ್ಟು, ಬಿಡಬೇಕಾದ ಕಡೆ ಮುಚ್ಚಿಕೊಂಡದ್ದರಿಂದಲೇ ಇಷ್ಟೆಲ್ಲ ಆದದ್ದು. ಹೆಣ್ಣು ನೋಡಲು ಚಿಕ್ಕಬಾಣಾವರಕ್ಕೆ ಹೋದಾಗ ಅವನ ತಾಯಿ ಮುನಿವೆಂಕಟಮ್ಮ ಹುಡುಗಿ ನಯನಾಳನ್ನು ಆ ಗೋಡೆಯಿಂದ ಈ ಗೋಡೆಗೆ ನಡೆಸಿ ನೋಡಿದರು. ಹಾಡು ಹೇಳಿಸಿದರು. ಸಾಲದ್ದಕ್ಕೆ ಸೂಜಿಗೆ ದಾರ ಪೋಣಿಸಮ್ಮ ಅಂದರು. ಗಿರಿ ನಾಚಿಕೆಯಿಂದ ನೆಲ ನೋಡುತ್ತ ಕೂತಿದ್ದನೇ ಹೊರತು ಸಾಕು ಬಿಡಮ್ಮ ಅನ್ನಲಿಲ್ಲ.

ಆದರೆ ಶಾಲೆಯಲ್ಲಿ ಟೀಚರಾಗಿದ್ದ ನಯನಾ ಅಗ್ಗದ ಲ್ಯಾಪ್‌ಟಾಪ್ ಒಂದನ್ನು ಕೊಂಡ ವಿಷಯ ಬಂದದ್ದೇ ತಡ, ಅದೇ ಬಾಯಿಗೆ ತಡೆಯೇ ಇಲ್ಲದಾಯಿತು. ಕದ್ದ ವಿಂಡೋಸ್ ಹಾಕಿಸಬೇಡಿ, ಅದರ ಬದಲು ಲಿನಕ್ಸ್ ಹಾಕಿಸಿ, ಪುಕ್ಕಟೆ, ವೈರಸ್ಸಿನ ಕಾಟವಿಲ್ಲ, ಏನೇ ತೊಂದರೆಯಾದರೂ ನಾನಿದ್ದೀನಿ ಎಂದು ಹೇಳಿ ಬಂದ.

ಮುಂದಿನ ಭಾನುವಾರ ಬೆಳಿಗ್ಗೆ ಆ ತೊಂದರೆ ಚೀಲದಲ್ಲಿ ಕೂತು ಅಲ್ಲಾಳಸಂದ್ರದ ಅವನ ಬಾಡಿಗೆ ಮನೆಗೇ ಬಂತು. ನಯನಾಳ ತಂದೆ ವೆಂಕಟರಾಮಯ್ಯ ಲ್ಯಾಪ್‌ಟಾಪನ್ನು ಟೇಬಲ್ ಮೇಲಿಟ್ಟು, ನೀವು ಹೇಳಿದ ಲಿನಕ್ಸೇ ಹಾಕಿಸಿದ್ದು, ಈಗ ವೈಫೈ ಬರುತ್ತಿಲ್ಲವಂತೆ ಎಂದರು. ಸಂಜೆ ಮಗಳನ್ನೂ ಕರೆತರುತ್ತೇನೆ, ಮನೆಯನ್ನೂ ನೋಡಿದ ಹಾಗಾಗುತ್ತದೆ, ಮದುವೆ ಮಾತನ್ನೂ ಮುಗಿಸೋಣ ಎಂದು ಹೊರಟರು. ಜಾತಕ ಕೂಡಿತ್ತು. ನಯನಾ ಗಿರಿಯ ಮನಸ್ಸಿನಲ್ಲಿ ಆಗಲೇ ಸಂಸಾರ ಹೂಡಿದ್ದಳು. ಬಾಕಿ ಇದ್ದದ್ದು ವೈಫೈ ಒಂದೇ.

ಅಗ್ಗದ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಯಾವ ಚಿಪ್ ಕೂತಿದೆಯೆಂದು ಅದನ್ನು ಮಾಡಿದವರಿಗೂ ನೆನಪಿರುವುದಿಲ್ಲ. ಆ ಚಿಪ್ಪಿಗೂ ಲಿನಕ್ಸಿಗೂ ಮಾತುಕತೆ ನಡೆಯಬೇಕಾದರೆ ನಡುವೆ ಡ್ರೈವರ್ ಎಂಬ ಸಾಫ್ಟ್‌ವೇರ್ ಬೇಕು. ಗಿರಿ ಡ್ರೈವರ್ ಹುಡುಕಲು ಕೂತ. ಕೆಳಗಿನ ಮನೆಯ ಓನರ್ ರಾಮಕೃಷ್ಣಪ್ಪನವರ ಮೋಡೆಮಿನಿಂದ ಕಿಟಕಿಯ ಮೂಲಕ ಕೇಬಲ್ ಎಳೆದ. ಕೇಬಲ್ಲಿನ ಹಿಂದೆಯೇ ರಾಮಕೃಷ್ಣಪ್ಪನವರೂ ಮೇಲೆ ಬಂದು ಕುರ್ಚಿ ಹಾಕಿಕೊಂಡರು.

ಮೊದಲ ಡ್ರೈವರ್ ಹಾಕಿದಾಗ ವೈಫೈ ಬರಲಿಲ್ಲ, ಇದ್ದ ಸೌಂಡು ಹೋಯಿತು. ಇನ್ನೊಂದು ಹಾಕಿದಾಗ ಪರದೆಯ ಬಾಣ ಮೂಲೆಗೆ ಓಡಿ, ಮುನಿಸಿಕೊಂಡ ಅಳಿಯನ ಹಾಗೆ ಅಲ್ಲೇ ನಿಂತಿತು. ಮತ್ತೊಂದಕ್ಕೆ ಪರದೆಯೇ ಕಪ್ಪಾಯಿತು.

“ಬರೋವಾಗ ವೈಫೈ ಒಂದೇ ಓಗಿತ್ತು ಕಣಪ್ಪ,” ಎಂದರು ರಾಮಕೃಷ್ಣಪ್ಪ. “ಈಗ ಏನೈತೆ ಉಳ್ದಿರೋದು?”

ಮುನಿವೆಂಕಟಮ್ಮನಿಗೆ ಇದು ದೃಷ್ಟಿಯೆಂದು ಖಾತ್ರಿಯಾಯಿತು. ಉಪ್ಪು ಮೆಣಸಿನಕಾಯಿಯನ್ನು ಲ್ಯಾಪ್‌ಟಾಪಿಗೆ ನಿವಾಳಿಸಿ ಒಲೆಗೆ ಹಾಕಿದರು. ಮನೆಮಂದಿಯೆಲ್ಲ ಕೆಮ್ಮಿದ್ದಷ್ಟೇ ಲಾಭ. ಕಣ್ಣೀರು ಒರೆಸಿಕೊಳ್ಳುತ್ತ ಗಿರಿ ಲಿನಕ್ಸನ್ನು ಮೊದಲಿನಿಂದ ಮತ್ತೆ ಹಾಕಿದ. ಸೌಂಡು ಬಂತು, ಬಾಣ ಬಂತು, ವೈಫೈ ಮಾತ್ರ ಬರಲಿಲ್ಲ. ಬೇರೆ ದಾರಿ ಕಾಣದೆ ನಯನಾಳಿಗೆ ಫೋನ್ ಮಾಡಿದ.

“ಚಿಪ್ಪೇ ಸರಿಯಿಲ್ಲ ಕಣ್ರೀ. ಲಿನಕ್ಸ್‌ಗೆ ಆಗ್ಬರಲ್ಲ ಅದು.”

ನಯನಾ ಕೇಳಿದಳು, “ಚೆನ್ನಾಗ್ ನೋಡಿದ್ರಾ?”

“ಇಂಚಿಂಚೂ ನೋಡಿದೀನಿ,” ಎಂದ ಗಿರಿ.

ರಾಮಕೃಷ್ಣಪ್ಪನವರು ಮರುಗಿ, ತಮ್ಮ ಮಗನ ಕಂಪ್ಯೂಟರಿನ ಹಿಂದಿದ್ದ ಹೆಬ್ಬೆರಳುದ್ದದ ವೈಫೈ ಕಡ್ಡಿಯನ್ನು ಕಿತ್ತು ತಂದರು. ಲ್ಯಾಪ್‌ಟಾಪಿಗೆ ಚುಚ್ಚಿದೊಡನೆ ಇಂಟರ್ನೆಟ್ ಬಂತು. ಕಂಪನಿಯವರ ತಪ್ಪನ್ನು ನಮ್ಮ ಗಿರಿ ಹಿಡಿದುಹಾಕಿದನೆಂದು ಅವರು ಬೀದಿಗೆಲ್ಲ ಹೇಳಿ ಬಂದರು.

ಗಿರಿ ಸ್ನಾನ ಮಾಡಿ ಬಿಳಿ ಶರಟು ತೊಟ್ಟು, ನೆಂಟರು ಬರುವ ಮುಂಚೆ ಲ್ಯಾಪ್‌ಟಾಪಿನ ಧೂಳು ಒರೆಸತೊಡಗಿದ. ಮುಂದಿನ ಅಂಚಿನಲ್ಲಿ ಮೆರೂನ್ ಬಣ್ಣದ ಒಂದು ಸ್ಟಿಕ್ಕರ್ ಬೊಟ್ಟು ಅಂಟಿತ್ತು. ಉಗುರಿನಿಂದ ಎಬ್ಬಿಸಿದ. ಅದರ ಕೆಳಗೆ ಜಾರಿಸುವ ಪುಟ್ಟ ಸ್ವಿಚ್ಚು, ಪಕ್ಕದಲ್ಲಿ ವೈಫೈ ಗುರುತು. ಜಾರಿಸಿದ. ನೀಲಿ ದೀಪ ಹೊತ್ತಿ, ಕಡ್ಡಿಯ ಹಂಗಿಲ್ಲದೆ ವೈಫೈ ಬಂದು ಕೂತಿತು.

ಗಿರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಲಿನಕ್ಸಿನದೂ ತಪ್ಪಿಲ್ಲ, ಚಿಪ್ಪಿನದೂ ತಪ್ಪಿಲ್ಲ. ಇಂಚಿಂಚೂ ನೋಡಿದ್ದೇನೆ ಎಂದ ಬಾಯಲ್ಲಿ ಈಗ ಏನೆಂದು ಹೇಳುವುದು? ಅಷ್ಟರಲ್ಲಿ ಗೇಟಿನ ಬಳಿ ಆಟೋ ನಿಂತ ಸದ್ದಾಯಿತು. ಗಾಬರಿಯಲ್ಲಿ ಸ್ವಿಚ್ಚನ್ನು ಮತ್ತೆ ಆಫ್ ಮಾಡಿದ. ಬೆರಳಿಗಂಟಿದ್ದ ಬೊಟ್ಟು ಎಲ್ಲಿ ಹೋಯಿತೆಂದು ನೋಡಲೂ ಇಲ್ಲ.

ವೆಂಕಟರಾಮಯ್ಯನವರು ಕಡ್ಡಿಯನ್ನು ಮೆಚ್ಚಿಕೊಂಡರು, ಹುಡುಗನನ್ನೂ ಮೆಚ್ಚಿಕೊಂಡರು. ಮುನಿವೆಂಕಟಮ್ಮ ತಟ್ಟೆಯಲ್ಲಿ ಎಲೆ ಅಡಿಕೆ ಜೋಡಿಸಿದರು. ನಯನಾ ಮಾತ್ರ ಲ್ಯಾಪ್‌ಟಾಪಿನ ಅಂಚನ್ನೇ ನೋಡುತ್ತಿದ್ದಳು.

“ಇದ್ರಲ್ಲಿ ವೈಫೈಗೆ ಸ್ವಿಚ್ಚು ಏನಾದ್ರೂ ಇರುತ್ತಾ?” ಎಂದು ಕೇಳಿದಳು.

“ಸ್ವಿಚ್ಚಾ? ನನಗಂತೂ ಏನೂ ಕಾಣಿಸ್ಲಿಲ್ಲ,” ಎಂದ ಗಿರಿ, ಕಾಫಿ ಲೋಟ ಚಾಚುತ್ತ.

ಲೋಟ ತೆಗೆದುಕೊಳ್ಳಲು ಬಂದ ವೆಂಕಟರಾಮಯ್ಯನವರ ಕೈ ಅರ್ಧದಲ್ಲೇ ನಿಂತಿತು. ಹುಡುಗನ ಬಿಳಿ ಶರಟಿನ ತೋಳಿನ ಮೇಲೆ ಒಂದು ಮೆರೂನ್ ಬೊಟ್ಟು ಅಂಟಿತ್ತು. ಮುನಿವೆಂಕಟಮ್ಮನ ಹಣೆಯಲ್ಲಿದ್ದದ್ದು ವಿಭೂತಿ.

“ಈ ಮನೇಲಿ ಬೇರೆ ಹೆಂಗಸರು ಯಾರಿದಾರಪ್ಪಾ?” ಎಂದು ತಣ್ಣಗೆ ಕೇಳಿದರು.

ನಿಜ ಹೇಳಲು ಒಂದು ಮಾತು ಸಾಕಿತ್ತು. ನಯನಾ ಅವನ ಮುಖ ನೋಡುತ್ತ ಕಾದಳು. ಗಿರಿ ನೆಲ ನೋಡಿದ.

“ಅದು ನಂದೇ ಅಪ್ಪ,” ಎಂದಳು ಅವಳೇ ಕೊನೆಗೆ. “ಸ್ವಿಚ್ ಆಫ್ ಮಾಡಿ ಮೇಲೆ ನಾನೇ ಅಂಟಿಸಿದ್ದೆ. ಅವತ್ತು ನನ್ನ ನಡೆಸಿ ನೋಡಿದ್ರಲ್ಲ, ನಾನೂ ಒಂದ್ ಸಲ ಇವ್ರನ್ನ ಪರೀಕ್ಷೆ ಮಾಡಿ ನೋಡೋಣ ಅಂತ.” ಆಮೇಲೆ ಗಿರಿಯ ಕಡೆ ತಿರುಗಿ, “ಸ್ವಿಚ್ ಸಿಗ್ದೇ ಇದ್ದಿದ್ರೂ ನಂಗೇನ್ ಬೇಜಾರಿರ್ಲಿಲ್ಲ. ಸಿಕ್ತು ಕಣ್ರೀ ಅಂತ ನಕ್ಕುಬಿಟ್ಟಿದ್ರೆ ಒಪ್ಕೊಳೋಣ ಅಂತಾನೇ ಬಂದಿದ್ದೆ,” ಎಂದಳು.

ಲ್ಯಾಪ್‌ಟಾಪ್ ಚೀಲ ಸೇರಿತು, ಆಟೋ ಹೊರಟಿತು, ಎಲೆ ಅಡಿಕೆ ತಟ್ಟೆಯಲ್ಲೇ ಉಳಿಯಿತು. ಮುನಿವೆಂಕಟಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದರು. ಗಿರಿ ಬಾಗಿಲಲ್ಲಿ ಕಂಬದಂತೆ ನಿಂತಿದ್ದ. ರಾಮಕೃಷ್ಣಪ್ಪನವರು ಮೆಟ್ಟಿಲು ಹತ್ತಿ ಬಂದು, ಎಲ್ಲವನ್ನೂ ಕೇಳಿಸಿಕೊಂಡು, ಬೆನ್ನು ತಟ್ಟಿ ಸಮಾಧಾನ ಹೇಳಿದರು. ಆಮೇಲೆ ಟೇಬಲ್ಲಿನ ಮೇಲೂ ಕೆಳಗೂ ಹುಡುಕಿ, ಕಡ್ಡಿ ಎಲ್ಲಿ ಎಂದರು.

ಕಡ್ಡಿ ಲ್ಯಾಪ್‌ಟಾಪಿನಲ್ಲೇ ಉಳಿದು ಚಿಕ್ಕಬಾಣಾವರದ ದಾರಿ ಹಿಡಿದಿತ್ತು.

“ನಮ್ ಉಡುಗ ನಾಳೆ ಕೇಳ್ತಾನೆ. ಬೆಳಿಗ್ಗೇನೇ ಓಗಿ ಆಯಮ್ಮನತ್ರ ಇಸ್ಕೊಂಬಾ,” ಎಂದರು ರಾಮಕೃಷ್ಣಪ್ಪ. ಮೆಟ್ಟಿಲಿಳಿಯುತ್ತ ಮತ್ತೊಮ್ಮೆ ತಿರುಗಿ ನೋಡಿ, “ಅಲ್ಲಾದ್ರೂ ಬಾಯ್ಬಿಟ್ಟು ಕೇಳಪ್ಪ, ಇಂಗೆ ನೆಲ ನೋಡ್ಕೊಂಡು ನಿಂತ್ಕೋಬೇಡ,” ಎಂದರು.