ಕಂಪಲಾಪುರದವನ ಪದಕ, ನನ್ನ ಹೊಟ್ಟೆಯುರಿ

ಹೊಟ್ಟೆಕಿಚ್ಚು ಪಡಬಾರದು ಅಂತ ಮೂವತ್ತು ವರ್ಷ ಮಕ್ಕಳಿಗೆ ಹೇಳಿದವನು ನಾನು. ನಾನೇ ಪಟ್ಟಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ.

ಫ್ಲೆಕ್ಸು

ಗಾವಡಗೆರೆಯಲ್ಲಿ ನಾನು ನಿವೃತ್ತ ಪಿ.ಟಿ. ಮೇಷ್ಟ್ರು. ಕಂಪಲಾಪುರದಲ್ಲಿ ಇನ್ನೊಬ್ಬನಿದ್ದಾನೆ, ಟ್ರೈನಿಂಗ್ ಕಾಲದ ಗೆಳೆಯ. ಹೋದ ವರ್ಷ ಅವನು ಕೊಲಂಬೋಗೆ ಹೋಗಿ, ಹಿರಿಯರ ಅಂತರರಾಷ್ಟ್ರೀಯ ಕ್ರೀಡಾಕೂಟದ ವೇಗನಡಿಗೆಯಲ್ಲಿ ಕಂಚು ತಂದ. ಅವನೂರಿನಲ್ಲಿ ಆಳೆತ್ತರದ ಫ್ಲೆಕ್ಸು ಎದ್ದಿತು. ನೋಡದೆ ಇರಲಾಗದೆ ಬಸ್ಸು ಹತ್ತಿಕೊಂಡು ಹೋಗಿ ನೋಡಿದೆ. ಎದುರಿಗಿದ್ದ ಟೀ ಅಂಗಡಿಯವನು, "ನಿಮ್ ಜೊತೆಗಾರ್ರಂತೆ. ನಿಮ್ಗೂ ಬೋ ಖುಸಿ ಅಲ್ವಾ ಸಾ?" ಎಂದ.

"ಆಗ್ದೆ ಇರ್ತದಾ?" ಎಂದವನೇ, ಟೀ ತಣ್ಣಗಿದೆ ಅಂತ ಅವನ ಮೇಲೆ ರೇಗಿದೆ. ನಾಲಿಗೆ ಸುಟ್ಟಿದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಅರ್ಜೆಂಟು

ಮಾರನೆಯ ಬೆಳಿಗ್ಗೆಯೇ ಅಭ್ಯಾಸ ಶುರು. ವೇಗನಡಿಗೆಯಲ್ಲಿ ಯಾವಾಗಲೂ ಒಂದು ಕಾಲು ನೆಲಕ್ಕೆ ಅಂಟಿರಬೇಕು. ಎರಡೂ ಎದ್ದರೆ ಅದು ಓಟ, ಓಡಿದವನು ಔಟು. ಹಾಗಾಗಿ ಸೊಂಟ ತಿರುಗಿಸುತ್ತ, ಹಲ್ಲು ಕಚ್ಚಿಕೊಂಡು ಹೋಗುತ್ತಿದ್ದೆ. ಡೈರಿಗೆ ಹಾಲು ಹಾಕಲು ಹೊರಟಿದ್ದ ಪಕ್ಕದ ಮನೆಯವನು ಬೈಕು ನಿಲ್ಲಿಸಿದ.

"ಅರ್ಜೆಂಟಾ ಸಾ?"

"ಇಲ್ಲ ಕಣಯ್ಯ, ಪ್ರಾಕ್ಟೀಸು."

"ನಾಚ್ಕೊಬ್ಯಾಡಿ, ಎಲ್ರಿಗೂ ಆಯ್ತದೆ. ಬೈಕ್ ಅತ್ತಿ!"

ಎಷ್ಟು ಹೇಳಿದರೂ ಕೇಳದೆ ಹತ್ತಿಸಿಕೊಂಡು ಮನೆ ಮುಂದೆ ತಂದಿಳಿಸಿದ. ಬೀದಿಗೆಲ್ಲ ಕೇಳುವಂತೆ, "ಅಕ್ಕಾ, ಬಿರ್ನೆ ಬಾಗ್ಲು ತಗೀರಿ! ಮೇಷ್ಟ್ರು ತಡ್ಕೊಳಾಕಾಗ್ದೆ ಒದ್ದಾಡ್ತಾವ್ರೆ!" ಎಂದು ಕೂಗಿದ.

ಕೊನೆಯ ನೂರು ಮೀಟರ್

ಈ ವರ್ಷ ನಾನೂ ಕೊಲಂಬೋಗೆ ಹೋದೆ. ಗೆಳೆಯನೂ ಬಂದಿದ್ದ. ನಮ್ಮ ವಯಸ್ಸಿನ ಗುಂಪಿನಲ್ಲಿ ನಿಂತದ್ದು ಮೂರೇ ಜನ: ಅವನು, ನಾನು, ಅಲ್ಲಿನವರೇ ಆದ ಒಬ್ಬ ತಾತ.

"ಹೋದ್ ವರ್ಷವೂ ಮೂರೇ ಜನ ಕಣ್ಲಾ," ಎಂದು ಗೆಳೆಯ ಕಿವಿಯಲ್ಲಿ ಹೇಳಿದ. "ಕೊನೇಗ್ ಬಂದ್ರೂ ಕಂಚು. ಆರಾಮಾಗಿ ನಡಿ."

ಮೂವರಲ್ಲಿ ಮೂರನೆಯವನಿಗೆ ಆ ಫ್ಲೆಕ್ಸಾ! ನನ್ನ ಮೈ ಉರಿದುಹೋಯಿತು. ಇವನಿಗಿಂತ ಮುಂದೆ ಹೋಗಲೇಬೇಕು ಅಂದುಕೊಂಡೆ.

ತಾತ ಮೊದಲೇ ಗುರಿ ಮುಟ್ಟಿದರು. ಕೊನೆಯ ನೂರು ಮೀಟರಿನಲ್ಲಿ ಗೆಳೆಯ ನನಗಿಂತ ನಾಲ್ಕು ಹೆಜ್ಜೆ ಮುಂದಿದ್ದ. ತಿರುಗಿ ನೋಡಿ ನಕ್ಕ. ಅಷ್ಟೇ, ನನಗೆ ಏನಾಯಿತೋ ಗೊತ್ತಿಲ್ಲ. ಅವನನ್ನು ದಾಟಿ ಗೆರೆ ಮುಟ್ಟಿ ಎರಡೂ ಕೈ ಎತ್ತಿದೆ. ಎದುರಿಗೆ ಮುಖ್ಯ ತೀರ್ಪುಗಾರರು ನನ್ನತ್ತ ಕೆಂಪು ಫಲಕ ಎತ್ತಿದ್ದರು: ಔಟು.

ಗೆಳೆಯನಿಗೆ ಬೆಳ್ಳಿ. ಕಂಚು ಯಾರಿಗೂ ಇಲ್ಲದೆ ಟೇಬಲ್ಲಿನ ಮೇಲೇ ಉಳಿಯಿತು.

ಮನೆಗೆ ಫೋನು ಮಾಡಿ ಎಲ್ಲ ಹೇಳಿದೆ.

"ಅಲ್ಲ ಕಣ್ರೀ, ಮದ್ವೆಯಾದಾಗಿಂದ ನೋಡ್ತಾ ಇವ್ನಿ," ಎಂದಳು ನನ್ನಾಕೆ. "ನೀವು ಜೋರಾಗಿ ಓಡಿದ್ದು ಇದೊಂದೇ ಸತಿ. ಅದೂ ಓಡಬಾರದ್ ಕಡೆ!"